ಮಿದುಳಿನ ಬೇನೆ ಮತ್ತು ಕಂಡವರ ಮಾತು

ಹೊಟ್ಟೆನೋವು ಬಂದವನು ಹೊಟ್ಟೆಯನ್ನು ಹಿಡಿದುಕೊಳ್ಳುತ್ತಾನೆ. ಹಲ್ಲುನೋವು ಬಂದವನು ಕೆನ್ನೆಗೆ ಕೈ ಕೊಡುತ್ತಾನೆ. ರೋಗವಿರುವ ಸ್ಥಳವನ್ನು ನೋವೇ ಬೆರಳಿಟ್ಟು ತೋರಿಸುತ್ತದೆ. ಮಿದುಳಿನ ವಿಷಯದಲ್ಲಿ ಈ ಅನುಕೂಲವಿಲ್ಲ. ಇಡೀ ಶರೀರದ ನೋವನ್ನು ಅರಿಯತಕ್ಕ ಈ ಅಂಗಕ್ಕೆ ತನ್ನ ನೋವನ್ನು ಅರಿಯುವ ಶಕ್ತಿಯಿಲ್ಲ. ತಲೆಯ ಚರ್ಮವನ್ನು ಮರಗಟ್ಟಿಸಿ, ರೋಗಿ ಎಚ್ಚರವಾಗಿ ಮಾತನಾಡುತ್ತಿರುವಾಗಲೇ ಶಸ್ತ್ರವೈದ್ಯರು ಮಿದುಳಿನ ಮೇಲೆ ಕೈಯಾಡಿಸಲು ಸಾಧ್ಯವಾಗಿರುವುದು ಇದರಿಂದಲೇ. ಆದುದರಿಂದ ಮಿದುಳಿಗೆ ಬೇನೆ ಬಂದಾಗ ಅದು ಬೇರೆ ಅಂಗಗಳ ಬಾಯಿಂದ ಮಾತನಾಡುತ್ತದೆ. ಕೈ ಸೋಲುತ್ತದೆ, ನಾಲಗೆ ತೊದಲುತ್ತದೆ, ಕಣ್ಣು ಮಸಕಾಗುತ್ತದೆ, ನಡಿಗೆ ಓಲುತ್ತದೆ, ಸ್ವಭಾವ ಬದಲಾಗುತ್ತದೆ.

ಇದಕ್ಕೆ ಇನ್ನೊಂದು ತೊಡಕೂ ಸೇರಿಕೊಳ್ಳುತ್ತದೆ. ಈ ಮಾತುಗಳನ್ನು ಬಹುವೇಳೆ ರೋಗಿಯೇ ಕೇಳಿಸಿಕೊಂಡಿರುವುದಿಲ್ಲ. ಮೂರ್ಛೆ ಬಿದ್ದವನಿಗೆ ತಾನು ಬಿದ್ದುದು ತಿಳಿಯದು. ಎಚ್ಚರವಾದಾಗ ಮೈಕೈ ನೋವು, ಕಚ್ಚಿಕೊಂಡ ನಾಲಗೆ, ಸುತ್ತ ನೆರೆದ ಜನ, ಇಷ್ಟೇ ಅವನ ಪಾಲಿಗೆ ಉಳಿಯುವುದು. ಮಿದುಳಿನ ಮುಂಭಾಗದಲ್ಲಿ ಗಡ್ಡೆ ಬೆಳೆಯುತ್ತಿರುವವನಿಗೆ ತಾನು ಮಂಕಾಗುತ್ತಿರುವೆನೆಂಬುದೇ ಹೊಳೆಯದು. ಲಕ್ವ ಹೊಡೆದು ಮಾತು ನಿಂತವನು ಏನಾಯಿತೆಂದು ಹೇಳಲಾರ. ಹೀಗಾಗಿ ಮಿದುಳಿನ ರೋಗಗಳಲ್ಲಿ ವೈದ್ಯನ ಮುಂದೆ ನುಡಿಯಬೇಕಾದ ಮೊದಲ ಸಾಕ್ಷಿ ಪಕ್ಕದಲ್ಲಿದ್ದವರು: ತಾಯಿ, ಹೆಂಡತಿ, ಶಾಲೆಯ ಉಪಾಧ್ಯಾಯ, ಜೊತೆಯ ಕೆಲಸಗಾರ. ಈ ಸಾಕ್ಷಿಯ ಬೆಲೆಯನ್ನು ನಾವು ತಿಳಿದಿಲ್ಲವೆಂಬುದೂ, ನಾಚಿಕೆಯಿಂದಲೂ ಭಯದಿಂದಲೂ ಅದರ ಬಾಯಿ ಕಟ್ಟುತ್ತಿದ್ದೇವೆಂಬುದೂ ಈ ಲೇಖನದ ವಾದ.

ದೂರದ ಕಾಡಿನ ಊರನ್ನು ಉದಾಹರಣೆಗೆ ತೆಗೆದುಕೊಂಡರೆ, ಅಲ್ಲಿನ ಜನರ ಕಷ್ಟಕ್ಕೆಲ್ಲ ದಾರಿಯಿಲ್ಲದಿರುವುದೇ ಕಾರಣವೆಂದು ಸುಮ್ಮನಾಗಿಬಿಡಬಹುದು. ಆದುದರಿಂದ ಕಡಕೊಳವನ್ನೇ ನೋಡೋಣ. ಮೈಸೂರಿನಿಂದ ನಂಜನಗೂಡಿಗೆ ಹೋಗುವ ಹೆದ್ದಾರಿಯ ಮೇಲಿರುವ ಊರು ಇದು. ಚಾಮರಾಜನಗರದ ರೈಲು ಇದರ ನಿಲ್ದಾಣದಲ್ಲಿ ನಿಂತು ಮುಂದೆ ಹೋಗುತ್ತದೆ. ಒಂದು ಕಡೆ ಹೊಲಗದ್ದೆ, ಇನ್ನೊಂದು ಕಡೆ ಕಾರ್ಖಾನೆಗಳು. ಹಳ್ಳಿಯೆನ್ನುವುದಕ್ಕೂ ಪೇಟೆಯೆನ್ನುವುದಕ್ಕೂ ನಡುವಣ ಸ್ಥಿತಿ. ೧೯೨೪ರಲ್ಲಿ ಆರಂಭವಾದ ಮೈಸೂರು ವೈದ್ಯಕೀಯ ಕಾಲೇಜಿಗೆ ಸೇರಿದ ಕೃಷ್ಣರಾಜೇಂದ್ರ ಆಸ್ಪತ್ರೆ ಇಲ್ಲಿಂದ ೧೫ ಕಿಲೋಮೀಟರಿನ ಆಸುಪಾಸಿನಲ್ಲಿದೆ. ೧೯೫೪ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಅಲ್ಲಿನ ಮಾನಸಿಕ ಆಸ್ಪತ್ರೆಯೂ ೧೯೭೪ರಲ್ಲಿ ಒಂದುಗೂಡಿ ಆದ ನಿಮ್ಹಾನ್ಸ್ ಸಂಸ್ಥೆ ಅರ್ಧ ದಿನದ ಪ್ರಯಾಣ. ಇಂಥ ಊರಿನಲ್ಲಿಯೂ ಮೂರ್ಛೆಯ ಮಗು ವರ್ಷಗಟ್ಟಲೆ ಔಷಧವಿಲ್ಲದೆ ಉಳಿಯಬಹುದಾದರೆ, ತಲೆಯ ಗಡ್ಡೆ ಕಣ್ಣು ಹೋದಮೇಲೆ ಪತ್ತೆಯಾಗಬಹುದಾದರೆ, ಅಡ್ಡಿಯನ್ನು ಮೈಲಿಕಲ್ಲುಗಳಲ್ಲಿ ಹುಡುಕಿ ಪ್ರಯೋಜನವಿಲ್ಲ. ಮನೆಯಿಂದ ಹೊರಟ ಮಾತು ವೈದ್ಯನ ಕಿವಿಯನ್ನು ಯಾವ ರೂಪದಲ್ಲಿ ಮುಟ್ಟುತ್ತದೆ, ಅಥವಾ ಮುಟ್ಟುತ್ತದೆಯೇ ಎಂಬುದನ್ನು ವಿಚಾರಿಸಬೇಕಾಗುತ್ತದೆ.

ಕಂಡವರ ಮಾತಿಗೆ ಇಷ್ಟು ಬೆಲೆ ಏತಕ್ಕೆಂಬುದನ್ನು ಅರಿಯಲು ಮಿದುಳಿನ ಕೆಲಸದ ಕ್ರಮವನ್ನು ಸ್ವಲ್ಪ ತಿಳಿಯಬೇಕು. ಸುಮಾರು ೧,೪೦೦ ಗ್ರಾಂ ತೂಕದ ಈ ಮೆತ್ತನೆಯ ಅಂಗದಲ್ಲಿ ೮,೬೦೦ ಕೋಟಿಯಷ್ಟು ನರಕೋಶಗಳಿವೆಯೆಂದು ಎಣಿಕೆ. ಅವುಗಳಲ್ಲಿ ಕೆಲಸದ ಹಂಚಿಕೆಯುಂಟು. ಬಲಗೈಯನ್ನು ಆಡಿಸುವ ಕೋಶಗಳು ಮಿದುಳಿನ ಎಡಭಾಗದಲ್ಲಿವೆ, ಎಡಗೈಯದು ಬಲಭಾಗದಲ್ಲಿ. ಬಹುಮಂದಿಯಲ್ಲಿ ಮಾತಿನ ಕೇಂದ್ರ ಎಡಕ್ಕಿದೆ. ನೋಟದ ಕೇಂದ್ರ ತಲೆಯ ಹಿಂಭಾಗದಲ್ಲಿದೆ. ನಡಿಗೆಯ ಸಮತೂಕವನ್ನು ಕಾಯುವ ಕಿರಿಮಿದುಳು ಅದರ ಕೆಳಗೆ. ಆದುದರಿಂದ ಯಾವ ಕೆಲಸ ಕೆಟ್ಟಿದೆಯೆಂದು ಸರಿಯಾಗಿ ತಿಳಿದರೆ ಯಾವ ಜಾಗ ಕೆಟ್ಟಿದೆಯೆಂದು ಊಹಿಸಬಹುದು.

ಈ ಊಹೆ ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ೧೮೮೪ನೆಯ ಇಸವಿಯ ಒಂದು ಸಂಗತಿ ಸಾಕ್ಷಿ. ಸ್ಕಾಟ್ಲೆಂಡಿನ ಒಬ್ಬ ಯುವಕ ರೈತ ಲಂಡನ್ನಿನ ವೈದ್ಯ ಹ್ಯೂಸ್ ಬೆನೆಟ್ಟರ ಬಳಿಗೆ ಬಂದನು. ಮೊದಲು ಮುಖದ ಎಡಭಾಗದಲ್ಲಿ ಸೆಳೆತ, ಆಮೇಲೆ ಎಡಗೈಯಲ್ಲಿ ಅದುರು, ಬರುಬರುತ್ತ ಆ ಕೈಯಲ್ಲಿ ಬಲಹೀನತೆ, ಜೊತೆಗೆ ಕಡುತರವಾದ ತಲೆನೋವು. ರೋಗ ಯಾವ ಕ್ರಮದಲ್ಲಿ ಮುಂದುವರಿಯಿತೆಂಬ ವಿವರವೊಂದನ್ನೇ ಆಧರಿಸಿ ಬೆನೆಟ್ಟರು ಮಿದುಳಿನ ಬಲಭಾಗದಲ್ಲಿ ಇಂಥ ಜಾಗದಲ್ಲಿ ಗಡ್ಡೆಯಿದೆಯೆಂದು ನಿರ್ಧರಿಸಿದರು. ನವೆಂಬರ್ ೨೫ರಂದು ರಿಕ್ಮನ್ ಗಾಡ್ಲೀ ಎಂಬ ಶಸ್ತ್ರವೈದ್ಯರು ತಲೆಬುರುಡೆಯನ್ನು ತೆರೆದು ನೋಡಿದಾಗ ಗಡ್ಡೆ ಹೇಳಿದ ಕಡೆಯೇ ಇದ್ದಿತು. ಎಕ್ಸ್‌ಕಿರಣ ಪತ್ತೆಯಾದದ್ದು ೧೮೯೫ರಲ್ಲಿ. ಎಂದರೆ ತಲೆಯೊಳಗನ್ನು ತೋರಿಸುವ ಯಾವ ಯಂತ್ರವೂ ಆಗ ಇರಲಿಲ್ಲ. ಆ ರೋಗಿ ಸೋಂಕಿನಿಂದ ಒಂದು ತಿಂಗಳೊಳಗಾಗಿ ತೀರಿಕೊಂಡನೆಂಬುದು ದುಃಖದ ವಿಷಯ. ಆದರೆ ಲಕ್ಷಣಗಳನ್ನು ಗಮನವಿಟ್ಟು ಕೇಳಿದರೆ ಮುಚ್ಚಿದ ಬುರುಡೆಯೊಳಗನ್ನೂ ಓದಬಹುದೆಂಬುದು ಅಂದು ಸ್ಥಿರಪಟ್ಟಿತು.

ಜಾಗದಂತೆಯೇ ಕಾಲವೂ ರೋಗವನ್ನು ತಿಳಿಸುತ್ತದೆ. ಚೆನ್ನಾಗಿದ್ದವನಿಗೆ ನಿಮಿಷದೊಳಗೆ ಬಾಯಿ ಸೊಟ್ಟಗಾಗಿ ಒಂದು ಕೈ ಬಿದ್ದುಹೋದರೆ ಮಿದುಳಿನ ರಕ್ತನಾಳವನ್ನು ಶಂಕಿಸಬೇಕು. ಅದು ಕಟ್ಟಿಕೊಂಡಿರುತ್ತದೆ, ಇಲ್ಲವೆ ಒಡೆದಿರುತ್ತದೆ. ಬಂದು, ಕೆಲವು ನಿಮಿಷವಿದ್ದು, ಹೋಗಿ, ಮತ್ತೆ ಅದೇ ರೀತಿಯಲ್ಲಿ ಬರುವುದು ಮೂರ್ಛೆರೋಗದ ಸ್ವಭಾವ. ವಾರಗಳಿಂದ, ತಿಂಗಳುಗಳಿಂದ ನಿಧಾನವಾಗಿ, ಹಿಂದೆ ಸರಿಯದೆ ಹೆಚ್ಚುತ್ತ ಬರುವುದು ಗಡ್ಡೆಯ ನಡೆ. ಈ ಲೆಕ್ಕಕ್ಕೆ ಅಪವಾದಗಳುಂಟು. ಆದರೂ ವೈದ್ಯನು ಮೊದಲು ಹಿಡಿಯುವ ದಾರಿ ಇದೇ. ಲಕ್ವದ ವಿಷಯದಲ್ಲಂತೂ ಕಾಲವೇ ಪ್ರಾಣ. ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕು. ಆಸ್ಪತ್ರೆಯಲ್ಲಿ ಕೇಳುವ ಮೊದಲ ಪ್ರಶ್ನೆ, “ಇವರು ಚೆನ್ನಾಗಿದ್ದುದನ್ನು ಕೊನೆಗೆ ಕಂಡದ್ದು ಎಷ್ಟು ಹೊತ್ತಿಗೆ?” ಎಂಬುದು. ಎಷ್ಟೇ ಬೆಲೆಯ ಯಂತ್ರ ತಂದಿಟ್ಟರೂ ಇದಕ್ಕೆ ಉತ್ತರ ಹೇಳಲಾರದು. ಮನೆಯವರು ಹೇಳಬಲ್ಲರು.

ಇನ್ನು ಗಡ್ಡೆಯ ಮಾತು. ‘ತಲೆಯಲ್ಲಿ ಗಡ್ಡೆ’ ಎಂದೊಡನೆ ಕೇಳಿದವರ ಎದೆ ಒಡೆಯುತ್ತದೆ. ಆದರೆ ಗಡ್ಡೆಯೆಂಬುದು ಒಂದು ರೋಗದ ಹೆಸರಲ್ಲ. ಮಿದುಳನ್ನು ಹೊದಿಸಿರುವ ಪೊರೆಯಿಂದ ಹುಟ್ಟುವ ಮೆನಿಂಜಿಯೋಮ ಎಂಬ ಗಡ್ಡೆ ಬಹುಮಟ್ಟಿಗೆ ಸಾಧು, ನಿಧಾನವಾಗಿ ಬೆಳೆಯುತ್ತದೆ, ಕೈಗೆ ಎಟುಕುವ ಜಾಗದಲ್ಲಿದ್ದು ಪೂರ್ತಿ ತೆಗೆಯಲು ಬಂದರೆ ರೋಗಿ ಬಹುಕಾಲ ಸುಖವಾಗಿ ಬಾಳಬಹುದು. ಕಿವಿಯ ನರದ ಮೇಲೆ ಬೆಳೆಯುವುದೊಂದು, ಪಿಟ್ಯುಟರಿ ಗ್ರಂಥಿಯಲ್ಲಿ ಬೆಳೆಯುವುದೊಂದು, ಇವೂ ಸಾಮಾನ್ಯವಾಗಿ ಸಾಧುವಾದವೇ. ನರಕೋಶಗಳಿಗೆ ಆಸರೆಯಾಗಿರುವ ಕೋಶಗಳಿಂದ ಹುಟ್ಟುವ ಗ್ಲಯೋಮಗಳಲ್ಲಿ ಕೆಲವು ಮಂದಗತಿಯವು, ಕೆಲವು ಉಗ್ರವಾದವು. ಶ್ವಾಸಕೋಶ, ಸ್ತನ ಮೊದಲಾದ ಕಡೆಗಳ ಕ್ಯಾನ್ಸರು ರಕ್ತದೊಡನೆ ಹರಿದುಬಂದು ಮಿದುಳಿನಲ್ಲಿ ಬೇರೂರುವುದೂ ಉಂಟು. ಸಾಧುವಾದ ಗಡ್ಡೆಯೂ ಅಪಾಯಕಾರಿಯಾಗುವುದು ಜಾಗವಿಲ್ಲದುದರಿಂದ. ಬುರುಡೆಯೆಂಬುದು ಮುಚ್ಚಿದ ಪೆಟ್ಟಿಗೆ. ಅದರಲ್ಲಿ ಮಿದುಳು, ರಕ್ತ, ಮಿದುಳ್ನೀರು ಈ ಮೂರಕ್ಕೆ ಸರಿಹೋಗುವಷ್ಟೇ ಜಾಗ. ನಾಲ್ಕನೆಯದೊಂದು ಬಂದು ಸೇರಿಕೊಂಡಾಗ ಒಳಗಿನ ಒತ್ತಡ ಏರುತ್ತದೆ. ಬೆಳಗ್ಗೆ ಏಳುವಾಗಲೇ ಹೆಚ್ಚಾಗಿರುವ, ದಿನದಿನಕ್ಕೆ ಬಲಿಯುವ ತಲೆನೋವು, ಅದರೊಡನೆ ವಾಂತಿ, ಕಣ್ಣು ಮಂಜಾಗುವುದು, ಇವು ಆ ಒತ್ತಡದ ಗುರುತು.

ಹಾಗೆಂದು ತಲೆನೋವು ಬಂದವರೆಲ್ಲ ಗಡ್ಡೆಯ ಭಯದಿಂದ ಕೊರಗಬೇಕಾಗಿಲ್ಲ. ತಲೆನೋವುಗಳಲ್ಲಿ ತೀರ ಹೆಚ್ಚಿನ ಪಾಲು ಅರೆತಲೆನೋವು, ಆಯಾಸ, ಚಿಂತೆ ಮೊದಲಾದವುಗಳಿಂದ ಬರತಕ್ಕವು. ಹೊಸದಾಗಿ ಬಂದು, ಹಳೆಯ ರೀತಿಯದಲ್ಲದೆ, ಬಿಡದೆ ಏರುತ್ತಿರುವ ನೋವಿಗೆ ಎಚ್ಚರಗೊಳ್ಳಬೇಕು. ನಡುವಯಸ್ಸಿನವರೆಗೆ ಎಂದೂ ಮೂರ್ಛೆ ಬಾರದಿದ್ದವನಿಗೆ ಮೊದಲ ಸಲ ಬಂದರೆ ತಲೆಯ ಚಿತ್ರವನ್ನು ತೆಗೆಸಲೇಬೇಕು. ಒಂದೇ ಕಿವಿ ಮೆಲ್ಲಮೆಲ್ಲಗೆ ಕಿವುಡಾದರೆ, ಒಂದು ಕೈಯ ಬರಹ ದಿನದಿಂದ ದಿನಕ್ಕೆ ಕೆಟ್ಟರೆ, ಮಿತಭಾಷಿಯಾದ ಗೃಹಸ್ಥ ಇದ್ದಕ್ಕಿದ್ದಂತೆ ಲಜ್ಜೆಗೆಟ್ಟು ವರ್ತಿಸತೊಡಗಿದರೆ, ಅದನ್ನು ವಯಸ್ಸೆಂದೋ ಗ್ರಹಚಾರವೆಂದೋ ತಳ್ಳಿಹಾಕಬಾರದು. ಇವನ್ನೆಲ್ಲ ಮೊದಲು ಕಾಣತಕ್ಕವರು ಒಂದೇ ಸೂರಿನ ಕೆಳಗೆ ಬಾಳುವವರಲ್ಲದೆ ಮತ್ತಾರು?

ಮನೆಯವರ ಮಾತನ್ನು ವೈದ್ಯರು ನಂಬಿದುದರಿಂದಲೇ ವಿಜ್ಞಾನಕ್ಕೆ ಹೊಸ ಅರಿವು ಬಂದ ನಿದರ್ಶನ ನಮ್ಮ ನಾಡಿನಲ್ಲಿಯೇ ಇದೆ. ಹಂಡೆಯಲ್ಲಿ ನೀರು ಕಾಯಿಸಿ, ಚೊಂಬಿನಿಂದ ತಲೆಯ ಮೇಲೆ ಸುರಿದುಕೊಂಡು ಮೀಯುವುದು ನಮ್ಮವರ ರೂಢಿ. ಹೀಗೆ ಮೀಯುವಾಗ ಕೆಲವು ಮಕ್ಕಳು ಶೂನ್ಯದೃಷ್ಟಿಯಿಂದ ನೋಡುವುದು, ಅಸಂಬದ್ಧವಾಗಿ ಮಾತನಾಡುವುದು, ಕೆಲವರು ಪ್ರಜ್ಞೆ ತಪ್ಪಿ ಬೀಳುವುದು, ಇದನ್ನು ತಾಯಂದಿರು ಬಹುಕಾಲದಿಂದ ಕಂಡಿದ್ದರು. ‘ತಲೆಗೆ ಬಿಸಿನೀರು ಬಿದ್ದರೆ ಮಗುವಿಗೆ ಹೀಗಾಗುತ್ತದೆ’ ಎಂದರೆ ಓದಿದವರು ನಗಬಹುದಾಗಿತ್ತು. ೧೯೪೫ರಲ್ಲಿ ನ್ಯೂಜಿಲೆಂಡಿನಿಂದ ಇಂಥ ಪ್ರಸಂಗದ ವರದಿಯೊಂದು ಬಂದಿದ್ದಿತಾದರೂ ಅದನ್ನು ವಿರಳವಾದ ಸೋಜಿಗವೆಂದೇ ಎಣಿಸಲಾಗಿತ್ತು. ಬೆಂಗಳೂರಿನ ನರರೋಗತಜ್ಞ ಡಾ. ಕೆ. ಎಸ್. ಮಣಿಯವರೂ ಅವರ ಸಹೋದ್ಯೋಗಿಗಳೂ ನಗದೆ ಕೇಳಿದರು. ೧೯೬೮ರಲ್ಲಿ ಅವರ ಮೊದಲ ವರದಿ ಹೊರಬಂದಿತು. ೧೯೭೪ರಲ್ಲಿ ೧೦೮ ರೋಗಿಗಳ ವಿವರ ಪ್ರಕಟವಾಯಿತು. ೧೯೮೮ರಲ್ಲಿ ನಿಮ್ಹಾನ್ಸಿನ ಡಾ. ಪಿ. ಸತೀಶ್ಚಂದ್ರರೂ ಸಂಗಡಿಗರೂ ೨೭೯ ಮಂದಿಯ ವೃತ್ತಾಂತವನ್ನು ಮುಂದಿಟ್ಟರು. ಬಿಸಿನೀರಿನ ಮೂರ್ಛೆಯೆಂಬುದು ಇಂದು ಪ್ರಪಂಚದ ವೈದ್ಯಗ್ರಂಥಗಳಲ್ಲಿ ಸೇರಿರುವ ರೋಗ. ಅದು ಅತಿ ಹೆಚ್ಚಾಗಿ ವರದಿಯಾಗಿರುವುದು ದಕ್ಷಿಣ ಭಾರತದಿಂದ, ಅದರಲ್ಲಿಯೂ ಕರ್ನಾಟಕದಿಂದ.

ಇದರ ಚಿಕಿತ್ಸೆಯೂ ಸರಳ. ನೀರಿನ ಕಾವನ್ನು ತಗ್ಗಿಸುವುದು, ತಲೆಗೆ ಒಮ್ಮೆಲೇ ಸುರಿಯದಿರುವುದು, ಒದ್ದೆ ಬಟ್ಟೆಯಿಂದ ತಲೆಯನ್ನು ಒರೆಸುವುದು, ಇಷ್ಟರಿಂದಲೇ ಅನೇಕರಿಗೆ ಗುಣ ಕಾಣುತ್ತದೆ. ತಲೆಗೆ ಎರೆದುಕೊಳ್ಳುವ ದಿನ ಮಾತ್ರ ಮುಂಚಿತವಾಗಿ ಒಂದು ಮಾತ್ರೆಯನ್ನು ವೈದ್ಯರು ಕೊಡುವುದೂ ಉಂಟು. ಕೆಲವರಿಗೆ ಮುಂದೆ ಸ್ನಾನವಿಲ್ಲದಾಗಲೂ ಮೂರ್ಛೆ ಬರಬಹುದಾದುದರಿಂದ ಅಂಥವರಿಗೆ ನಿತ್ಯದ ಔಷಧ ಬೇಕು. ಕೆಲವು ಮನೆತನಗಳಲ್ಲಿ ಈ ರೋಗ ವಂಶದಲ್ಲಿ ಇಳಿದುಬರುವುದನ್ನು ಕಂಡು, ಬೆಂಗಳೂರಿನ ವಿಜ್ಞಾನಿಗಳು ಅದಕ್ಕೆ ಸಂಬಂಧಿಸಿದ ಜೀನುಗಳನ್ನೂ ಅರಸುತ್ತ ಬಂದಿದ್ದಾರೆ. ಬಚ್ಚಲುಮನೆಯ ಬಾಗಿಲಲ್ಲಿ ನಿಂತ ತಾಯಿ ಕಂಡದ್ದೇ ಈ ಎಲ್ಲ ಶೋಧನೆಗೆ ಮೊದಲ ಮೆಟ್ಟಿಲು.

‘ಇದೆಲ್ಲ ಹಿಂದಿನ ಕಾಲಕ್ಕೆ ಸರಿ, ಈಗ ಸ್ಕ್ಯಾನ್ ಬಂದಿದೆಯಲ್ಲ’ ಎಂದು ವಾಚಕರು ಆಕ್ಷೇಪಿಸಬಹುದು. ಸ್ಕ್ಯಾನಿನ ಉಪಕಾರವನ್ನು ಅಲ್ಲಗಳೆಯುವವನು ಮೂಢ. ೧೯೭೧ರ ಅಕ್ಟೋಬರ್ ೧ರಂದು ಲಂಡನ್ನಿನಲ್ಲಿ ಸಿ.ಟಿ. ಯಂತ್ರದಿಂದ ಮೊತ್ತಮೊದಲು ಚಿತ್ರ ತೆಗೆದುದೇ ಮಿದುಳಿನ ಗಡ್ಡೆಯಿದ್ದ ಒಬ್ಬ ಸ್ತ್ರೀಯದನ್ನು. ಅದಕ್ಕೂ ಅನಂತರದ ಎಂ.ಆರ್.ಐ.ಗೂ ಎಷ್ಟೋ ಮಂದಿ ಪ್ರಾಣಋಣಿಗಳು. ಆದರೆ ಯಂತ್ರ ತೋರಿಸುವುದು ನೆರಳನ್ನು. ಆ ನೆರಳಿಗೆ ಅರ್ಥ ಹೇಳುವುದು ಮನುಷ್ಯನ ವಿವೇಕ. ನಮ್ಮ ದೇಶಕ್ಕೆ ಸಿ.ಟಿ. ಬಂದಮೇಲೆ, ಮೂರ್ಛೆ ಬಂದ ಅನೇಕರ ಮಿದುಳಿನಲ್ಲಿ ಸಣ್ಣ ಉಂಗುರದಂಥ ಗುರುತುಗಳು ಕಾಣಿಸಿಕೊಂಡವು. ಅವು ಕ್ಷಯರೋಗದ ಗಂಟುಗಳೆಂದು ಭಾವಿಸಿ ಎಷ್ಟೋ ಜನಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧ ಕೊಟ್ಟರು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ವೈದ್ಯರು ೧೯೯೦ರ ಆಸುಪಾಸಿನಲ್ಲಿ ಅಂಥವನ್ನು ಪರೀಕ್ಷಿಸಿ, ಬಹುಪಾಲು ಗುರುತುಗಳು ಲಾಡಿಹುಳದ ಮರಿಕೋಶಗಳೆಂದೂ, ಅನೇಕವು ತಾವಾಗಿಯೇ ಕರಗುವುವೆಂದೂ ತೋರಿಸಿದರು. ಈ ಹುಳದ ಮೊಟ್ಟೆ ಕೊಳೆನೀರಿನಿಂದಲೂ ಸರಿಯಾಗಿ ತೊಳೆಯದ ಸೊಪ್ಪು ತರಕಾರಿಯಿಂದಲೂ ಒಳಹೋಗುವುದರಿಂದ, ಮಾಂಸವನ್ನು ಮುಟ್ಟದವರಿಗೂ ಈ ರೋಗ ತಪ್ಪಿದ್ದಲ್ಲ. ಉಂಗುರ ಕಂಡ ಮಾತ್ರಕ್ಕೆ ‘ಗಡ್ಡೆ’ಯೆಂದು ಬೆದರಿ ಹೊಲ ಮಾರಲು ಹೊರಟ ಮನೆಯವರಿಗೆ, ‘ಸ್ವಲ್ಪ ತಾಳಿ, ಮೂರ್ಛೆಯ ಮಾತ್ರೆ ಕೊಟ್ಟು ಕಾದು ನೋಡೋಣ’ ಎಂದು ಹೇಳಬಲ್ಲ ವೈದ್ಯ ಬೇಕು. ಆ ವೈದ್ಯನಿಗೆ ರೋಗದ ಪೂರ್ವಕಥೆಯನ್ನು ಬಿಡಿಸಿ ಹೇಳಬಲ್ಲ ಬಂಧು ಬೇಕು.

ಹೇಳುವವರೂ ಕೇಳುವವರೂ ಒಂದೆಡೆ ಸೇರಿದರೆ ಏನಾಗುತ್ತದೆಂಬುದನ್ನು ನೋಡಲು ಕಡಕೊಳದಿಂದ ಬಹಳ ದೂರ ಹೋಗಬೇಕಾಗಿಲ್ಲ. ನಂಜನಗೂಡು, ಚಾಮರಾಜನಗರ, ಸಂತೆಮರಹಳ್ಳಿಗಳನ್ನು ದಾಟಿದರೆ ಯಳಂದೂರು. ಆಗ ಮೈಸೂರು ಜಿಲ್ಲೆಗೆ ಸೇರಿದ್ದ, ೧೯೯೭ರಿಂದ ಚಾಮರಾಜನಗರ ಜಿಲ್ಲೆಯ ಪಾಲಾದ ಈ ತಾಲ್ಲೂಕಿನಲ್ಲಿ ೧೯೯೦ರ ದಶಕದಲ್ಲಿ ಡಾ. ಮಣಿ ಮತ್ತು ಅವರ ಸಂಗಡಿಗರು ಮನೆಮನೆಗೆ ಹೋಗಿ ವಿಚಾರಿಸುವ ಕಾರ್ಯವನ್ನು ಕೈಗೊಂಡರು. ಸುಮಾರು ೬೫,೦೦೦ ಜನರಲ್ಲಿ ಸಾವಿರಕ್ಕೆ ನಾಲ್ಕೈದು ಮಂದಿಯಂತೆ ಮೂರ್ಛೆರೋಗಿಗಳು ಕಂಡುಬಂದರು. ಅವರಲ್ಲಿ ನೂರಕ್ಕೆ ಏಳರಷ್ಟು ಬಿಸಿನೀರಿನ ಮೂರ್ಛೆಯವರು. ಚಿಕಿತ್ಸೆಗೆ ಆರಿಸಿಕೊಂಡದ್ದು ಫೀನೋಬಾರ್ಬಿಟೋನ್ ಮತ್ತು ಫೆನಿಟೋಯಿನ್ ಎಂಬ ಎರಡು ಹಳೆಯ, ಅಗ್ಗದ ಔಷಧಗಳನ್ನು; ಮೊದಲನೆಯದು ೧೯೧೨ರಿಂದ, ಎರಡನೆಯದು ೧೯೩೮ರಿಂದ ಬಳಕೆಯಲ್ಲಿರುವುದು. ಐದು ವರ್ಷ ಬಿಡದೆ ಅನುಸರಿಸಿ ನೋಡಿದ ಫಲಿತಾಂಶ ೨೦೦೧ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಅಗ್ಗದ ಮಾತ್ರೆಗಳಿಂದಲೇ ಬಹುಮಂದಿಯ ಮೂರ್ಛೆ ಹತೋಟಿಗೆ ಬಂದಿತ್ತು. ಚಿಕಿತ್ಸೆ ಆರಂಭವಾಗುವುದಕ್ಕೆ ಮುಂಚೆ ಕಡಿಮೆ ಸಲ ಮೂರ್ಛೆ ಬಂದಿದ್ದವರಲ್ಲಿ ಫಲ ಇನ್ನೂ ಚೆನ್ನಾಗಿತ್ತು. ಎಂದರೆ, ಬೇಗ ಬಾಯಿಬಿಟ್ಟವರು ಬೇಗ ಗುಣ ಕಂಡರು.

ಇಷ್ಟಾದರೂ ಬಾಯಿ ಬಿಡದಿರುವುದೇಕೆ? ಇಲ್ಲಿ ವಿಜ್ಞಾನವನ್ನು ಬಿಟ್ಟು ಸಮಾಜದ ಕಡೆಗೆ ತಿರುಗಬೇಕಾಗುತ್ತದೆ. ‘ಅಪಸ್ಮಾರ’ ಎಂಬ ಶಬ್ದಕ್ಕೆ ಸ್ಮರಣೆ ತಪ್ಪುವುದೆಂಬ ಸಾಧಾರಣವಾದ ಅರ್ಥ; ಚರಕಸಂಹಿತೆ ಅದನ್ನು ಚಿಕಿತ್ಸೆಗೆ ತಕ್ಕ ರೋಗವೆಂದೇ ಎಣಿಸಿ ಪ್ರತ್ಯೇಕವಾಗಿ ವಿವರಿಸಿದೆ. ನಟರಾಜನ ಪಾದದ ಕೆಳಗಿನ ಕುಳ್ಳನಿಗೂ ಅದೇ ಹೆಸರು. ಶಿವನು ಮೆಟ್ಟಿದುದು ರೋಗವನ್ನು; ನಾವು ಮೆಟ್ಟುತ್ತಿರುವುದು ರೋಗಿಯನ್ನು. ಜನರ ನಾಚಿಕೆಗೆ ಕಾನೂನೂ ಬೆಂಬಲ ಕೊಟ್ಟಿದ್ದಿತು. ೧೯೫೫ರ ಹಿಂದೂ ವಿವಾಹ ಕಾಯಿದೆಗೆ ೧೯೭೬ರಲ್ಲಿ ಮಾಡಿದ ತಿದ್ದುಪಡಿಯಿಂದ, ಮರಳಿಮರಳಿ ಬರುವ ಹುಚ್ಚಿನ ಜೊತೆಗೆ ಅಪಸ್ಮಾರವನ್ನೂ ಹೆಸರಿಸಿ, ಅಂಥವರು ಮದುವೆಗೆ ಅರ್ಹರಲ್ಲವೆಂದು ಸಾರಲಾಗಿತ್ತು. ೧೯೯೯ರಲ್ಲಿ ಅಪಸ್ಮಾರವೆಂಬ ಮಾತನ್ನು ತೆಗೆದುಹಾಕಿದರು. ಇಪ್ಪತ್ತಮೂರು ವರ್ಷ ಶಾಸನವೇ ಒಂದು ರೋಗವನ್ನು ಬಚ್ಚಿಡಲು ಜನರಿಗೆ ಪಾಠ ಹೇಳಿತು. ಪುಸ್ತಕದಿಂದ ಶಬ್ದ ಹೋಯಿತು; ಜನರ ಮನಸ್ಸಿನಿಂದ ಇನ್ನೂ ಹೋಗಬೇಕಾಗಿದೆ.

ಬಚ್ಚಿಡುವುದರ ಫಲವನ್ನು ಊಹಿಸಿ ನೋಡಿ. ಹೆಣ್ಣುಮಗುವಿಗೆ ಹನ್ನೆರಡನೆಯ ವಯಸ್ಸಿನಲ್ಲಿ ಮೂರ್ಛೆ ಬಂತು. ‘ಹೊರಗೆ ಹೇಳಿದರೆ ಗಂಡು ಸಿಕ್ಕುವುದಿಲ್ಲ’ ಎಂದು ಮನೆಯವರು ಮುಚ್ಚಿದರು. ಗುಟ್ಟಾಗಿ ಮಾತ್ರೆ ಕೊಡಿಸಿದರೆನ್ನೋಣ, ಗುಣವಾಯಿತೆನ್ನೋಣ. ಮದುವೆಯಾಗಿ ಅತ್ತೆಯ ಮನೆಗೆ ಹೋದಮೇಲೆ ಆ ಮಾತ್ರೆಯನ್ನು ಎಲ್ಲಿಡುವುದು? ಯಾರ ಕಣ್ಣು ತಪ್ಪಿಸಿ ನುಂಗುವುದು? ಒಂದು ದಿನ ತಪ್ಪುತ್ತದೆ, ಎರಡು ದಿನ ತಪ್ಪುತ್ತದೆ. ಮೂರ್ಛೆಯ ಔಷಧವನ್ನು ತಟ್ಟನೆ ನಿಲ್ಲಿಸಿದರೆ ರೋಗ ಮೊದಲಿಗಿಂತ ಬಿರುಸಾಗಿ ಎರಗಬಹುದು. ಒಲೆಯ ಮುಂದೆಯೋ, ಬಾವಿಯ ಕಟ್ಟೆಯ ಮೇಲೆಯೋ, ಬಸುರಿಯಾಗಿದ್ದಾಗಲೋ ಅದು ಬಂದರೆ ಎರಡು ಜೀವಗಳಿಗೆ ಅಪಾಯ. ಮೂರ್ಛೆಯ ಔಷಧಗಳಲ್ಲಿ ಕೆಲವು ಗರ್ಭಕ್ಕೆ ಕೇಡು ತರತಕ್ಕವು. ವೈದ್ಯರಿಗೆ ಮುಂಚಿತವಾಗಿ ತಿಳಿಸಿದರೆ ಅವನ್ನು ಬದಲಾಯಿಸಬಹುದು. ಬಾಯಿ ಕಟ್ಟಿಕೊಂಡವಳು ಇದನ್ನು ಯಾರನ್ನು ಕೇಳಿಯಾಳು? ಮೂರ್ಛೆಯಿರುವವರಲ್ಲಿ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸರಿಯಾದ ಚಿಕಿತ್ಸೆಯಿಂದ ಮೂರ್ಛೆಯಿಲ್ಲದೆ ಬಾಳಬಲ್ಲರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹೀಗಿರುವಾಗ ಅವಳನ್ನು ಕೆಡಿಸಿದ್ದು ರೋಗಕ್ಕಿಂತ ಹೆಚ್ಚಾಗಿ ಮೌನ.

ಕಡಕೊಳದಂಥ ಊರಿನಲ್ಲಿ ಇದೇ ಕಥೆ ಕಾರ್ಖಾನೆಯೊಳಗೂ ನಡೆಯುತ್ತದೆ. ನಿದ್ದೆಗೆಡುವುದು ಮೂರ್ಛೆಯನ್ನು ಕೆರಳಿಸುವ ಕಾರಣಗಳಲ್ಲಿ ಮುಖ್ಯವಾದುದು. ಕೆಲಸ ಹೋಗುವುದೆಂಬ ಭಯದಿಂದ ರೋಗವನ್ನು ಮರೆಮಾಚಿ ರಾತ್ರಿಪಾಳಿಯಲ್ಲಿ ಯಂತ್ರದ ಮುಂದೆ ನಿಂತ ತರುಣ ತನ್ನ ಕೈಯನ್ನು ಮಾತ್ರವಲ್ಲ, ಪಕ್ಕದವನ ಪ್ರಾಣವನ್ನೂ ಪಣಕ್ಕಿಟ್ಟಿರುತ್ತಾನೆ. ಅವನು ಹೇಳಿಕೊಂಡರೆ ಹಗಲುಪಾಳಿಯನ್ನೋ, ಎತ್ತರಕ್ಕೆ ಹತ್ತಬೇಕಿಲ್ಲದ ಬೇರೆ ಕೆಲಸವನ್ನೋ ಕೊಡುವುದು ಮಾಲೀಕರಿಗೆ ಕಷ್ಟವಲ್ಲ. ಹೇಳಿಕೊಂಡವನನ್ನು ಹೊರಗೆ ಹಾಕಿದರೆ ಮುಂದೆ ಯಾರೂ ಹೇಳಿಕೊಳ್ಳುವುದಿಲ್ಲ. ಸತ್ಯ ನುಡಿದವನಿಗೆ ಶಿಕ್ಷೆ ಕೊಟ್ಟು ಸಾಕ್ಷಿಯಿಲ್ಲವೆಂದು ಕೊರಗುವುದು ನ್ಯಾಯವಲ್ಲ.

‘ಹಳ್ಳಿಯವರ ಮಾತಿನಲ್ಲಿ ಗಾಳಿ, ದೆವ್ವ, ದೃಷ್ಟಿಗಳೇ ತುಂಬಿರುತ್ತವೆ, ಅದನ್ನು ಸಾಕ್ಷಿಯೆಂದು ಹೇಗೆ ನಂಬುವುದು?’ ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿಲ್ಲದೆ ಇಲ್ಲ. ಆದರೆ ಕಂಡದ್ದು ಬೇರೆ, ಕಂಡದ್ದಕ್ಕೆ ಕಟ್ಟಿದ ಕಾರಣ ಬೇರೆ. ‘ಗಾಳಿ ಸೋಕಿತು, ಆಗ ಬಲಗೈ ಮೊದಲು ಸೆಳೆಯಿತು, ಆಮೇಲೆ ಬಿದ್ದ’ ಎಂದು ಅಜ್ಜಿ ಹೇಳಿದರೆ ಗಾಳಿಯನ್ನು ಬದಿಗಿಟ್ಟು ಬಲಗೈಯನ್ನು ಹಿಡಿದುಕೊಳ್ಳುವವನೇ ಜಾಣವೈದ್ಯ. ಮಿದುಳಿನ ಎಡಭಾಗವನ್ನು ಹುಡುಕಬೇಕೆಂದು ಅವಳು ಹೇಳಿಕೊಟ್ಟಂತಾಯಿತು. ರೋಗ ವಾಸಿಯಾಗಲೆಂದು ನಂಜುಂಡನಿಗೆ ಹರಕೆ ಹೊತ್ತು ಕಡಕೊಳವನ್ನು ಹಾದು ನಂಜನಗೂಡಿಗೆ ನಡೆಯುವವರನ್ನು ತಡೆಯುವ ಕೆಲಸ ವಿಜ್ಞಾನದ್ದಲ್ಲ. ಹರಕೆ ತೀರುವವರೆಗೂ ಮಾತ್ರೆ ಕಾಯಬೇಕಾಗಿಲ್ಲವೆಂದು ಹೇಳುವುದು ಅದರ ಕೆಲಸ.

ಹಾಗಾದರೆ ಕಂಡವರು ಏನನ್ನು ನೋಡಬೇಕು? ಮೂರ್ಛೆ ಬಂದಾಗ ಕಬ್ಬಿಣದ ಬೀಗದ ಕೈಯನ್ನು ಕೈಗೆ ತುರುಕುವುದು, ಚಪ್ಪಲಿ ಅಥವಾ ಈರುಳ್ಳಿಯನ್ನು ಮೂಸಿಸುವುದು, ಹಲ್ಲಿನ ನಡುವೆ ಚಮಚ ಇಡುವುದು, ಬಾಯಿಗೆ ನೀರು ಹಾಕುವುದು ಇವಾವುದೂ ಬೇಡ. ಮೂರ್ಛೆ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ. ಅದು ನಿಲ್ಲುವ ಹೊತ್ತಿಗೆ ಕೈಯಲ್ಲಿದ್ದ ಕಬ್ಬಿಣ ಕೀರ್ತಿಯನ್ನು ಕಟ್ಟಿಕೊಳ್ಳುತ್ತದೆ, ಅಷ್ಟೇ. ರೋಗಿಯನ್ನು ಪಕ್ಕಕ್ಕೆ ಹೊರಳಿಸಿ, ಕೊರಳಿನ ಬಟ್ಟೆ ಸಡಿಲಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಗಡಿಯಾರವನ್ನು ನೋಡಬೇಕು. ಐದು ನಿಮಿಷ ಮೀರಿದರೆ, ಅಥವಾ ಎಚ್ಚರವಾಗುವ ಮುಂಚೆಯೇ ಮತ್ತೆ ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಎಲ್ಲಿಂದ ಆರಂಭವಾಯಿತು, ತಲೆ ಯಾವ ಕಡೆಗೆ ತಿರುಗಿತು, ಕಣ್ಣು ತೆರೆದಿತ್ತೋ ಮುಚ್ಚಿತ್ತೋ, ಎಷ್ಟು ಹೊತ್ತು ನಡೆಯಿತು, ಅನಂತರ ಯಾವುದಾದರೂ ಕೈ ಸೋತಿತ್ತೋ, ಅದಕ್ಕೆ ಮುಂಚೆ ಏನು ಮಾಡುತ್ತಿದ್ದ ಎಂಬಿಷ್ಟನ್ನು ಅಂದೇ ಬರೆದಿಡಬೇಕು. ಈಗ ಮನೆಮನೆಯಲ್ಲಿಯೂ ಮೊಬೈಲ್ ಫೋನಿದೆ. ರೋಗಿಯನ್ನು ಸುರಕ್ಷಿತವಾಗಿ ಮಲಗಿಸಿದ ಮೇಲೆ ಇನ್ನೊಬ್ಬರು ಒಂದು ನಿಮಿಷದ ವಿಡಿಯೋ ತೆಗೆದರೆ, ನೂರು ಮಾತಿನಲ್ಲಿ ಹೇಳಲಾಗದುದು ವೈದ್ಯನಿಗೆ ಕಾಣುತ್ತದೆ. ಅದು ವೈದ್ಯನ ಕಣ್ಣಿಗೆ ಮಾತ್ರ. ಊರಿಗೆಲ್ಲ ಹಂಚುವ ವಿನೋದವಾಗಬಾರದು.

ಸಾಕ್ಷಿ ನುಡಿಯುವುದು ಜನರ ಕರ್ತವ್ಯವಾದರೆ ಕೇಳುವುದು ವೈದ್ಯರ ಕರ್ತವ್ಯ. ಹೊರರೋಗಿಗಳ ಸಾಲು ಎಷ್ಟೇ ಉದ್ದವಿರಲಿ, ಮಿದುಳಿನ ರೋಗಿಯ ಜೊತೆಗೆ ಬಂದವರಿಗೆ ಐದು ನಿಮಿಷ ಕೊಡದೆ ನೇರವಾಗಿ ಸ್ಕ್ಯಾನಿಗೆ ಚೀಟಿ ಬರೆಯುವುದು ಉಳಿತಾಯವೆನಿಸದು. ಇನ್ನು ಸರ್ಕಾರದ ಪಾಲು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೂರ್ಛೆಯ ಮಾತ್ರೆ ಒಂದು ದಿನವೂ ತಪ್ಪದೆ ಸಿಕ್ಕಬೇಕು. ತಿಂಗಳಿಗೊಮ್ಮೆ ಮಾತ್ರೆಗಾಗಿ ಒಂದು ದಿನದ ಕೂಲಿಯನ್ನೂ ಬಸ್ಸಿನ ಚಾರ್ಜನ್ನೂ ಕಳೆದುಕೊಳ್ಳಬೇಕಾದರೆ ಅಗ್ಗದ ಔಷಧವೂ ತುಟ್ಟಿಯೇ. ಆಶಾ ಕಾರ್ಯಕರ್ತೆಯರಿಗೂ ಶಾಲೆಯ ಉಪಾಧ್ಯಾಯರಿಗೂ ಮೇಲೆ ಹೇಳಿದ ಲಕ್ಷಣಗಳನ್ನು ಕಲಿಸಿಕೊಡಲು ದೊಡ್ಡ ಕಟ್ಟಡ ಬೇಕಾಗಿಲ್ಲ. ಪಾಠದ ನಡುವೆ ಅರೆಗಳಿಗೆ ಶೂನ್ಯವನ್ನು ದಿಟ್ಟಿಸುವ ಮಗುವಿಗೆ ‘ಗಮನವಿಲ್ಲ’ವೆಂದು ಏಟು ಬೀಳುವ ಬದಲು ಪರೀಕ್ಷೆಯಾಗಬೇಕು; ಅದೂ ಮೂರ್ಛೆಯ ಒಂದು ಬಗೆ. ನಿಮ್ಹಾನ್ಸಿನ ತಜ್ಞರು ೧೯೯೦ರ ದಶಕದಲ್ಲಿ ಬೆಂಗಳೂರಿನ ನಗರ ಮತ್ತು ಗ್ರಾಮಭಾಗಗಳ ಲಕ್ಷಕ್ಕೂ ಮಿಕ್ಕ ಜನರನ್ನು ಸಮೀಕ್ಷಿಸಿದಾಗ, ನರಮಂಡಲದ ಕಾಯಿಲೆಗಳು ನಗರಕ್ಕಿಂತ ಗ್ರಾಮಗಳಲ್ಲಿ ಸುಮಾರು ಇಮ್ಮಡಿಯೆಂದು ಕಂಡುಬಂದಿತ್ತು. ರೋಗ ಹೆಚ್ಚಿರುವ ಕಡೆ ಅರಿವು ಕಡಿಮೆಯಿರಬೇಕೆಂಬ ನಿಯಮವೇನೂ ಇಲ್ಲ.

ಮಿದುಳಿನ ಎಲ್ಲ ಬೇನೆಗಳನ್ನೂ ಗೆದ್ದೆವೆಂದು ವಿಜ್ಞಾನ ಹೇಳಿಕೊಳ್ಳುವುದಿಲ್ಲ. ಉಗ್ರವಾದ ಗ್ಲಯೋಮದ ಮುಂದೆ ಅದು ಇಂದಿಗೂ ಕೈಚೆಲ್ಲುವ ಸಂದರ್ಭಗಳುಂಟು. ಆದರೆ ಗೆಲ್ಲಬಹುದಾದ ರೋಗಗಳಲ್ಲಿ ನಾವು ಸೋಲುತ್ತಿರುವುದು ಜ್ಞಾನದ ಕೊರತೆಯಿಂದಲ್ಲ. ಯಳಂದೂರಿನಲ್ಲಿ ಮಾಡಿ ತೋರಿಸಿದ್ದನ್ನು ಕಡಕೊಳದಲ್ಲಿ ಮಾಡಬಾರದೆಂದಿಲ್ಲ. ಬೇಕಾದುದು ಹೇಳುವ ಧೈರ್ಯ, ಕೇಳುವ ತಾಳ್ಮೆ, ನಿತ್ಯ ಸಿಕ್ಕುವ ಮಾತ್ರೆ, ಈ ಮೂರೇ. ಇವುಗಳಲ್ಲಿ ಮೊದಲನೆಯದಕ್ಕೆ ಖರ್ಚೇನೂ ಇಲ್ಲ. ಅದನ್ನು ನಮ್ಮ ನಮ್ಮ ಮನೆಗಳಿಂದಲೇ ಆರಂಭಿಸಬಹುದು.